ಮಾಡಿನ ಕಿಂಡಿ, ಹಿನ್ನೋಟದ ಕನ್ನಡಿ

ಕಾರಿನ ವಿಷಯದಲ್ಲಿ ವಿಮರ್ಶೆ ಬರೆಯುವ ಅಧಿಕಾರವನ್ನು ನನಗೆ ಯಾರೂ ಕೊಟ್ಟಿಲ್ಲ. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಇಂದಿಗೂ ಕಾರಿನ ಬಾನೆಟ್ ಎತ್ತಿದರೆ ಬ್ಯಾಟರಿ ಯಾವುದು ಎಂಬುದೊಂದನ್ನು ಬಿಟ್ಟು ಬೇರೇನನ್ನೂ ಗುರುತಿಸಲಾರೆ. ಆದರೆ ವಿಮರ್ಶೆ ಎಂದರೆ ಗುಣ ಯಾವುದು, ದೋಷ ಯಾವುದು, ದೋಷವೆಂದು ಕಂಡದ್ದು ನಿಜವಾಗಿ ದೋಷವೇ ಎಂದು ತೂಗಿ ನೋಡುವುದು ತಾನೆ? ಹಾಗಿದ್ದರೆ, ಜೀವನದಲ್ಲಿ ನಾನು ಮಾಡಿದ ಅತ್ಯಂತ ಕೆಟ್ಟ ವಿಮರ್ಶೆ ಯಾವ ಕಾವ್ಯದ್ದೂ ಅಲ್ಲ, ನಮ್ಮ ಅಕ್ಕನ ಮನೆಯ ಕಾರಿನದು. ಅದರ ಬಗ್ಗೆ ಬರೆದು ಹಗುರಾಗೋಣವೆಂದು ಕುಳಿತಿದ್ದೇನೆ.

ಕಾರು ಜರ್ಮನಿಯ ಒಂದು ದೊಡ್ಡ ಕಂಪನಿಯದು. ಹೆಸರು ಬೇಡ, ಮುಂದೆ ಹೇಳಲಿರುವ ತಪ್ಪುಗಳಲ್ಲಿ ದೊಡ್ಡ ಪಾಲು ನನ್ನದೇ. 2009ರಲ್ಲಿ ಬೆಂಗಳೂರಿನಲ್ಲಿ ಯಾರೋ ಶ್ರೀಮಂತರು ಕೊಂಡು, ಐದು ವರ್ಷ ಓಡಿಸಿ ಮಾರಿದ್ದು. ಅಡಿಕೆಗೆ ಒಳ್ಳೆಯ ಧಾರಣೆ ಬಂದಿದ್ದ 2014ರಲ್ಲಿ ಭಾವ ಅದನ್ನು ತಂದರು. ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯ ಮನೆಯಂಗಳಕ್ಕೆ ಆ ಕಪ್ಪು ಕಾರು ಬಂದು ನಿಂತಾಗ ಊರವರೆಲ್ಲ ನೋಡಲು ಬಂದಿದ್ದರಂತೆ. ನಾನೂ ಒಂದು ವಾರ ಬಿಟ್ಟು ಹೋಗಿ ನೋಡಿದೆ. ಭಾವ ಗುಂಡಿ ಒತ್ತಿ ಮಾಡನ್ನು ಸರಿಸಿ ಆಕಾಶ ತೋರಿಸಿದರು. ನಾನು ಮೇಷ್ಟ್ರ ಗತ್ತಿನಲ್ಲಿ, "ಭಾವ, ಮಳೆ ಸುರಿಯುವ ಆರು ತಿಂಗಳು ಮುಚ್ಚಿಟ್ಟು, ಬಿಸಿಲು ಕಾಯುವ ಆರು ತಿಂಗಳೂ ಮುಚ್ಚಿಡಬೇಕಾದ ಈ ಕಿಂಡಿ ನಮಗ್ಯಾಕೆ?" ಎಂದೆ. ಅವರು ನಕ್ಕು ಸುಮ್ಮನಾದರು. ಸೋತು ಸುಮ್ಮನಾದದ್ದೆಂದೇ ನಾನಾಗ ತಿಳಿದಿದ್ದೆ.

ನನ್ನ ಮಾತಿನ ಹಿಂದೆ ಶಾಸ್ತ್ರದ ಬಲವೂ ಇತ್ತು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವೇ ಕಾವ್ಯದ ಜೀವ ಎಂದವನು. ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡರೆ ಚಿನ್ನದ್ದೇ ಆದರೂ ಜನ ನಗುತ್ತಾರೆ ಎಂಬುದು ಅವನ ವಾದದ ತಿರುಳು. ಕಾರಿನ ಮಾಡಿಗೆ ಕಿಂಡಿ ಕೊರೆಯುವ ಆಸೆ ಹುಟ್ಟಿದ್ದು ಬಿಸಿಲಿಗಾಗಿ ಹಾತೊರೆಯುವ ನಾಡುಗಳಲ್ಲಿ. ಜರ್ಮನಿಯಲ್ಲಿ ವಿಲ್ಹೆಲ್ಮ್ ಬೈಯರ್ ಎಂಬಾತ 1901ರಲ್ಲಿ ಸ್ಥಾಪಿಸಿದ ವೆಬಾಸ್ಟೊ ಎಂಬ ಕಂಪನಿ 1930ರ ದಶಕದಲ್ಲೇ ಕಾರುಗಳಿಗೆ ಮಡಚುವ ಮಾಡು ಮಾಡುತ್ತಿತ್ತು. ಅಮೆರಿಕದ ನ್ಯಾಶ್ ಕಂಪನಿ 1937ರಲ್ಲಿ ಕಾರ್ಖಾನೆಯಿಂದಲೇ ಇಂಥ ಕಿಂಡಿಯಿರುವ ಕಾರು ಕೊಟ್ಟಿತು. ಅಲ್ಲಿಯವರಿಗೆ ಬಿಸಿಲೆಂದರೆ ಹಬ್ಬ. ನಾವೋ, ಬಿಸಿಲಿಗೆ ಹೆದರಿ ಚಪ್ಪರ ಹಾಕುವವರು, ಮಳೆಗೆ ಹೆದರಿ ತಟ್ಟಿ ಕಟ್ಟುವವರು. ಈಗಂತೂ ಸಣ್ಣ ಕಾರುಗಳಿಗೂ ಈ ಕಿಂಡಿ ಬಂದಿದೆ. ಓಡುತ್ತಿರುವ ಕಾರಿನಲ್ಲಿ ಮಕ್ಕಳನ್ನು ಅದರಿಂದ ಹೊರಗೆ ನಿಲ್ಲಿಸಿ ಸಂಭ್ರಮಪಡುವ ತಂದೆತಾಯಿಯರನ್ನು ಕಂಡಾಗ ಎದೆ ಝಲ್ಲೆನ್ನುತ್ತದೆ. ಚಾಲಕ ಒಮ್ಮೆ ಬ್ರೇಕ್ ಒತ್ತಿದರೆ ಆ ಅಂಚು ಮಗುವಿನ ಎದೆಗೆ ಬಡಿಯುತ್ತದೆ. ಇದನ್ನೆಲ್ಲ ಸೇರಿಸಿ, ಮಾಡಿನ ಕಿಂಡಿ ಒಂದು ಅನುಚಿತ ಅಲಂಕಾರ ಎಂದು ನಾನು ತೀರ್ಪು ಕೊಟ್ಟುಬಿಟ್ಟಿದ್ದೆ.

ಭಾವ 2020ರ ಕೊನೆಗೆ ತೀರಿಕೊಂಡರು. ಕಾರು ಮಾರಿಬಿಡು ಎಂದು ಅಕ್ಕನಿಗೆ ಎಲ್ಲರೂ ಹೇಳಿದರು, ನಾನೂ ಹೇಳಿದೆ. ಅವಳು ಕೇಳಲಿಲ್ಲ. ಭಾವನೇ ಹಟ ಹಿಡಿದು ಅವಳಿಗೆ ಕಾರು ಬಿಡುವುದನ್ನು ಕಲಿಸಿದ್ದರು; ವಾರಕ್ಕೊಮ್ಮೆ ತೀರ್ಥಹಳ್ಳಿಯ ಪೇಟೆಗೆ, ಅಪರೂಪಕ್ಕೆ ಶಿವಮೊಗ್ಗಕ್ಕೆ ಅವಳೇ ಓಡಿಸಿಕೊಂಡು ಹೋಗುತ್ತಿದ್ದಳು. ಉಳಿದ ದಿನಗಳಲ್ಲಿ ಕಾರು ಅಂಗಳದ ಮೂಲೆಯ ಮಾವಿನ ಮರದ ಕೆಳಗೆ ನಿಂತಿರುತ್ತಿತ್ತು.

2022ರ ಪುನರ್ವಸು ಮಳೆಯ ಹೊತ್ತಿಗೆ ಅಕ್ಕ ಫೋನು ಮಾಡಿದಳು: "ತಮ್ಮಾ, ಕಾರಿನೊಳಗೆ ಸೋರುತ್ತಾ ಇದೆ. ಲೈಟಿನ ಹತ್ತಿರದಿಂದ ತೊಟ್ಟು ತೊಟ್ಟಾಗಿ ನನ್ನ ತಲೆ ಮೇಲೇ ಬೀಳ್ತದೆ." ನಾನು ಹೋಗಿ ನೋಡಿದೆ. ಕಿಂಡಿಯ ಗಾಜಿನ ಸುತ್ತ ಒಂದು ರಬ್ಬರಿನ ಪಟ್ಟಿ. ಅದು ಗಟ್ಟಿಯಾಗಿ, ಅಲ್ಲಲ್ಲಿ ಸಂದು ಬಿಟ್ಟಿತ್ತು. ನೀರು ಅಲ್ಲಿಂದಲೇ ಬರುತ್ತಿದೆ, ಅಲ್ಲೇ ತಡೆಯಬೇಕು. ಇದಕ್ಕಿಂತ ಸ್ಪಷ್ಟವಾದ ದೋಷ ಯಾವುದಿದೆ? ಪೇಟೆಯಿಂದ ಸಿಲಿಕೋನ್ ಅಂಟಿನ ಎರಡು ಕೊಳವೆ ತರಿಸಿ, ಪಕ್ಕದ ಮನೆಯ ಹುಡುಗನನ್ನು ಕೂರಿಸಿಕೊಂಡು ಗಾಜಿನ ಸುತ್ತ ಸಂದು ಕಾಣದ ಹಾಗೆ ತುಂಬಿಸಿದೆ. "ಇನ್ನು ತೆರೆಯೋದಕ್ಕೆ ಆಗೋದಿಲ್ಲವಾ?" ಎಂದು ಅಕ್ಕ ಕೇಳಿದಳು. "ತೆರೆಯುವ ಅಗತ್ಯವೇನು?" ಎಂದೆ. ಮಾರನೆಯ ದಿನ ಮಳೆ ಹೊಡೆಯಿತು, ಒಂದು ತೊಟ್ಟೂ ಬೀಳಲಿಲ್ಲ. ಅಕ್ಕ ಕಾಫಿ ಕೊಡುತ್ತ, "ಕವಿರಾಜಮಾರ್ಗ ಓದಿದವನಿಗೆ ಇದೂ ಬರ್ತದೆ ಅಂತ ಗೊತ್ತಿರಲಿಲ್ಲ" ಎಂದಳು. ನಾನು ಹಿಗ್ಗಿದೆ.

ಆ ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಕಾರಿನೊಳಗೆ ಒಂದು ಮುಗ್ಗಲು ವಾಸನೆ. ಕಾಲಡಿಯ ಕಾರ್ಪೆಟ್ಟನ್ನು ಒತ್ತಿದರೆ ನೀರು ಜಿನುಗುತ್ತಿತ್ತು. ಬಿಸಿಲಿಗೆ ಹರವಿ ಒಣಗಿಸಿದೆವು. ಮುಂದಿನ ಮಳೆಗೆ ಮತ್ತೆ ಅದೇ. ಬಾಗಿಲಿನ ಕಡೆಯಿಂದ ಬಂದಿರಬೇಕು ಎಂದೆ ನಾನು. ಅಂದರೆ ಮಾಡಿದ ತಪ್ಪಿನ ಮೇಲೆ ಇನ್ನೊಂದು ತಪ್ಪನ್ನು ಹೇರಿದೆ. ಸೋರುವುದು ನಿಂತಿರಲಿಲ್ಲ, ನಮ್ಮ ಕಣ್ಣಿಗೆ ಬೀಳುವುದಷ್ಟೇ ನಿಂತಿತ್ತು.

ಇದರ ಒಳಗುಟ್ಟು ತಿಳಿದದ್ದು 2024ರಲ್ಲಿ. ಕಾರಿಗೆ ಹದಿನೈದು ವರ್ಷ ತುಂಬಿತ್ತು. ನೋಂದಣಿ ಮುಂದುವರಿಯಬೇಕಾದರೆ ತಪಾಸಣೆ ಮಾಡಿಸಬೇಕು. ಅಷ್ಟು ಹೊತ್ತಿಗೆ ಚಾಲಕನ ಬಾಗಿಲ ಕನ್ನಡಿಯಲ್ಲೂ ರೋಗ ಕಾಣಿಸಿಕೊಂಡಿತ್ತು. ಗಾಜಿನ ನಡುವೆ ಕಂದು ಬಣ್ಣದ ಒಂದು ಗುಳ್ಳೆ ಹುಟ್ಟಿ ದಿನದಿನಕ್ಕೆ ಬೆಳೆಯುತ್ತ ಅರ್ಧ ಕನ್ನಡಿಯನ್ನು ನುಂಗಿತ್ತು. ಹಿಂದೆ ಬರುವ ಲಾರಿ ಆ ಗುಳ್ಳೆಯೊಳಗೆ ಹೊಕ್ಕು ಕಾಣೆಯಾಗುತ್ತಿತ್ತು. ಕಾರು ನಿಲ್ಲಿಸಿ ಬೀಗ ಹಾಕಿದಾಗ ಮಡಚಿಕೊಳ್ಳಬೇಕಾದ ಕನ್ನಡಿ ಮಡಚಿಕೊಳ್ಳದೆ ಕಟಕಟ ಹಲ್ಲು ಕಡಿಯುತ್ತಿತ್ತು. ಹೀಗೇ ಹೋದರೆ ತಪಾಸಣೆಯಲ್ಲಿ ಪಾಸಾಗುವುದಿಲ್ಲ ಎಂದು ಗೊತ್ತಾಗಿ, ಶಿವಮೊಗ್ಗದ ಒಂದು ಗ್ಯಾರೇಜಿಗೆ ಒಯ್ದೆವು.

ಅಲ್ಲಿನ ಮೆಕ್ಯಾನಿಕ್ ಐವತ್ತು ದಾಟಿದ ಮನುಷ್ಯ, ಮಿತಭಾಷಿ. ಮಾಡಿನ ಸುತ್ತ ನಾನು ತುಂಬಿಸಿದ್ದ ಸಿಲಿಕೋನನ್ನು ಬೆರಳಿನಿಂದ ಸವರಿ, "ಇದನ್ನು ಯಾರು ಮಾಡಿದ್ದು ಸಾರ್?" ಎಂದ. ಅಕ್ಕ ನನ್ನ ಮುಖ ನೋಡಿದಳು. ನಾನು ಒಪ್ಪಿಕೊಂಡೆ. ಆತ ಅದನ್ನೆಲ್ಲ ಕೆರೆದು ತೆಗೆದು, ಗಾಜನ್ನು ಸರಿಸಿ, ನನ್ನನ್ನು ಕರೆದು ತೋರಿಸಿದ. ಗಾಜಿನ ಕೆಳಗೆ ಸುತ್ತಲೂ ಒಂದು ತಗ್ಗಾದ ಕಾಲುವೆ. ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ತೂತು. ತೂತುಗಳಿಗೆ ಸಣ್ಣ ರಬ್ಬರ್ ಕೊಳವೆಗಳು. ಮುಂದಿನೆರಡು ಕೊಳವೆ ಮುಂಗಾಜಿನ ಪಕ್ಕದ ಕಂಬಗಳೊಳಗೆ ಇಳಿದು, ಹಿಂದಿನೆರಡು ಹಿಂಗಂಬಗಳೊಳಗೆ ಇಳಿದು ಕಾರಿನ ಹೊರಗೆ ನೀರು ಬಿಡುತ್ತವೆ. "ಮೇಲಿನ ರಬ್ಬರು ನೀರನ್ನು ಪೂರ್ತಿ ತಡೆಯೋದಕ್ಕೆ ಇರೋದಲ್ಲ ಸಾರ್. ಸ್ವಲ್ಪ ನೀರು ಒಳಗೆ ಬರಲೇಬೇಕು. ಬಂದದ್ದು ಹೋಗೋದಕ್ಕೆ ದಾರಿ ಮಾಡಿದ್ದಾರೆ. ಮಾವಿನ ಹೂವು, ಎಲೆ, ಧೂಳು ಸೇರಿ ಆ ದಾರಿ ಕಟ್ಟಿತ್ತು. ನೀವು ಸಿಲಿಕೋನು ಹಾಕಿದಾಗ ಅದು ಒಳಗಿಳಿದು ಮುಂದಿನ ಎರಡು ತೂತೂ ಪೂರ್ತಿ ಮುಚ್ಚಿಹೋಯಿತು."

ಆ ಕ್ಷಣಕ್ಕೆ ನನಗೆ ನೆನಪಾದದ್ದು ನಮ್ಮ ಅಜ್ಜನ ಮನೆಯ ಒಳಂಗಳ. ಹಳೆಯ ತೊಟ್ಟಿ ಮನೆಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಮನೆಯ ನಟ್ಟನಡುವೆ ಆಕಾಶಕ್ಕೆ ತೆರೆದ ಚೌಕ. ಬಿಸಿಲೂ ಮಳೆಯೂ ನೇರ ಮನೆಯೊಳಗೇ ಬೀಳುತ್ತವೆ. ನಾಲ್ಕೂ ಕಡೆಯ ಮಾಡಿನ ನೀರು ಅಡಿಕೆ ದಬ್ಬೆಯಲ್ಲಿ ಹರಿದು ಅಲ್ಲಿಗೇ ಸುರಿಯುತ್ತದೆ. ಮನೆ ಸೋರುತ್ತಿದೆ ಎಂದು ಅದನ್ನು ಯಾರೂ ಎನ್ನಲಿಲ್ಲ. ಯಾಕೆಂದರೆ ಅಂಗಳದ ಮೂಲೆಯಲ್ಲಿ ಒಂದು ತೂಬು ಇರುತ್ತಿತ್ತು. ಮೃಗಶಿರಾ ಮಳೆ ಹಿಡಿಯುವ ಮೊದಲು ಅಜ್ಜ ಬಿದಿರ ಕೋಲು ಹಾಕಿ ಆ ತೂಬನ್ನು ಶುದ್ಧ ಮಾಡಿಸುತ್ತಿದ್ದ. ನಾನು ಆ ಕೆಲಸವನ್ನು ಹತ್ತು ಸಲವಾದರೂ ಕಣ್ಣಾರೆ ಕಂಡವನು, ಒಂದೆರಡು ಸಲ ಕೋಲು ಹಿಡಿದವನು. ಜರ್ಮನಿಯ ಇಂಜಿನಿಯರುಗಳು ಕಾರಿನ ತಲೆಯ ಮೇಲೆ ಕಟ್ಟಿಕೊಟ್ಟಿದ್ದೂ ಒಂದು ಪುಟ್ಟ ಒಳಂಗಳವನ್ನೇ. ಅದನ್ನು ಗುರುತಿಸಬೇಕಾಗಿದ್ದ ನಾನು ತೂಬಿಗೆ ಅಂಟು ಸುರಿದು ಬಂದಿದ್ದೆ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಮೊದಲ ಪರಿಚ್ಛೇದವೇ ದೋಷ ಮತ್ತು ಅದೋಷಗಳ ನಿರ್ಣಯಕ್ಕೆ ಮೀಸಲು. ಅಲಂಕಾರಗಳ ಮಾತು ಆಮೇಲಿನದು. ಈ ಕ್ರಮವನ್ನು ಪ್ರತಿವರ್ಷ ಹಲಗೆಯ ಮೇಲೆ ಬರೆದವನು ನಾನು. ದೋಷವನ್ನು ತಿಳಿಯುವುದೆಷ್ಟು ಮುಖ್ಯವೋ ಅದೋಷವನ್ನು ತಿಳಿಯುವುದೂ ಅಷ್ಟೇ ಮುಖ್ಯ ಎಂದು ಹೇಳಿ ಪರೀಕ್ಷೆಗೆ ಪ್ರಶ್ನೆಯನ್ನೂ ಕೊಟ್ಟಿದ್ದೇನೆ. ಆದರೆ ಒಂದು ರಚನೆ ತನ್ನೊಳಗೆ ಏನನ್ನು ಬಿಟ್ಟುಕೊಳ್ಳುತ್ತದೆ, ಬಿಟ್ಟುಕೊಂಡದ್ದನ್ನು ಎಲ್ಲಿಗೆ ಕಳಿಸುತ್ತದೆ ಎಂದು ಕೇಳುವ ಮೊದಲೇ ಅದನ್ನು ತಿದ್ದಲು ಹೊರಟೆ. ಹೊಸ ಕವಿಗಳ ಎಷ್ಟು ಹಸ್ತಪ್ರತಿಗಳಿಗೆ ನಾನು ಹೀಗೆಯೇ ಸಿಲಿಕೋನ್ ತುಂಬಿಸಿ ಕಳಿಸಿರಬಹುದು ಎಂದು ಯೋಚಿಸಿದರೆ ಈಗ ಅಂಜಿಕೆಯಾಗುತ್ತದೆ.

ಇನ್ನು ಕನ್ನಡಿ. ಇಲ್ಲಿ ಮಾತ್ರ ದೋಷ ನಿಜವಾದದ್ದು, ಆದರೆ ಅದಕ್ಕೂ ಒಂದು ಕಥೆಯಿದೆ. ಹಿನ್ನೋಟದ ಕನ್ನಡಿ ಮೊದಲು ಬಂದದ್ದು ತೀರ ಸರಳವಾಗಿ. ಡೊರೊಥಿ ಲೆವಿಟ್ ಎಂಬ ಇಂಗ್ಲಿಷ್ ಚಾಲಕಿ 1909ರ ತನ್ನ ಪುಸ್ತಕದಲ್ಲಿ, ಕಾರು ಬಿಡುವ ಹೆಂಗಸರು ಒಂದು ಸಣ್ಣ ಕೈಗನ್ನಡಿ ಇಟ್ಟುಕೊಂಡಿದ್ದರೆ ಹಿಂದೆ ಬರುವ ವಾಹನ ನೋಡಲು ಅನುಕೂಲ ಎಂದು ಸಲಹೆ ಕೊಟ್ಟಿದ್ದಳು. 1911ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಮೊದಲ ಐನೂರು ಮೈಲಿ ಪಂದ್ಯದಲ್ಲಿ ರೇ ಹ್ಯಾರೂನ್ ಎಂಬಾತ, ಹಿಂದೆ ನೋಡಿ ಹೇಳುವ ಜತೆಗಾರನಿಲ್ಲದೆ, ಕಾರಿನ ಮೇಲೊಂದು ಕನ್ನಡಿ ಕಟ್ಟಿಕೊಂಡು ಓಡಿಸಿ ಗೆದ್ದ. ಒಬ್ಬ ಮನುಷ್ಯನ ಬದಲಿಗೆ ಬಂದ ವಸ್ತು ಅದು ಎಂಬುದನ್ನು ಮರೆಯಬಾರದು.

ರಾತ್ರಿ ಹಿಂದಿನ ಗಾಡಿಯ ದೀಪ ಕಣ್ಣಿಗೆ ಹೊಡೆಯದಿರಲೆಂದು ಕಾರಿನೊಳಗಿನ ಕನ್ನಡಿಗೆ ಬಹಳ ಕಾಲದಿಂದ ಒಂದು ಉಪಾಯವಿದೆ. ಒಂದು ಅಂಚು ದಪ್ಪ, ಇನ್ನೊಂದು ಅಂಚು ತೆಳುವಾದ ಗಾಜು. ಬೆನ್ನಿಗೆ ಪಾದರಸದಂತೆ ಹೊಳೆಯುವ ಲೇಪ. ಕೆಳಗಿನ ಸಣ್ಣ ನಾಲಿಗೆಯನ್ನು ಎಳೆದರೆ ಲೇಪದಿಂದ ಬರುವ ಬೆಳಕು ಬೇರೆಡೆಗೆ ತಿರುಗಿ, ಗಾಜಿನ ಮುಂಮೈ ಹಿಂದಿರುಗಿಸುವ ನೂರಕ್ಕೆ ಸುಮಾರು 4 ಪಾಲು ಬೆಳಕು ಮಾತ್ರ ಕಣ್ಣಿಗೆ ಬೀಳುತ್ತದೆ. ತಂತಿ ಬೇಡ, ವಿದ್ಯುತ್ತು ಬೇಡ, ಕೆಡುವುದಕ್ಕೆ ಹೆಚ್ಚೇನೂ ಇಲ್ಲ. ಅಕ್ಕನ ಕಾರಿನಂಥ ಐಷಾರಾಮಿ ಕಾರುಗಳಿಗೆ ಇದು ಸಾಲದು. ಅಲ್ಲಿ ಎರಡು ಗಾಜಿನ ಹಾಳೆಗಳ ನಡುವೆ ಒಂದು ರಸಾಯನ. ಹಿಂದಿನಿಂದ ಬರುವ ಬೆಳಕನ್ನು ಒಂದು ಯಂತ್ರದ ಕಣ್ಣು ಅಳೆದು ವಿದ್ಯುತ್ತು ಹರಿಸಿದರೆ ಆ ರಸಾಯನ ತಾನೇ ಕಪ್ಪಾಗುತ್ತದೆ. ಬಾಗಿಲ ಕನ್ನಡಿಗೂ ಇದೇ ವ್ಯವಸ್ಥೆ. ಹೊಸದರಲ್ಲಿ ಇದು ಇಂದ್ರಜಾಲ. ಬಿಸಿಲು ಮಳೆಗಳಲ್ಲಿ ವರ್ಷಗಟ್ಟಲೆ ನಿಂತು ಅಂಚಿನ ಅಂಟು ಬಿಟ್ಟರೆ ರಸಾಯನ ಹರಿದು ಕಂದು ಗುಳ್ಳೆಯಾಗುತ್ತದೆ. ಅದನ್ನು ಬಿಚ್ಚಿ ಸರಿಮಾಡುವಂತಿಲ್ಲ, ಇಡೀ ಗಾಜನ್ನೇ ಬದಲಾಯಿಸಬೇಕು. ಮಡಚುವ ಯಂತ್ರದೊಳಗಿನ ಒಂದು ಪ್ಲಾಸ್ಟಿಕ್ ಹಲ್ಲುಗಾಲಿ ಸವೆದರೆ ಹಲ್ಲುಗಾಲಿ ಸಿಗುವುದಿಲ್ಲ, ಇಡೀ ಕನ್ನಡಿಯ ಜೋಡಣೆಯನ್ನೇ ಕೊಳ್ಳಿ ಎನ್ನುತ್ತಾರೆ. ನಮಗೆ ಗಾಜಿಗೊಂದಕ್ಕೇ ಹೇಳಿದ ಬೆಲೆ 28 ಸಾವಿರ ರೂಪಾಯಿ.

ಐಷಾರಾಮದ ಮೇಲೆ ನನ್ನ ತಕರಾರು ಇಲ್ಲಿದೆ. ಒಳಂಗಳದ ತೂಬಿಗೆ ವರ್ಷಕ್ಕೊಮ್ಮೆ ಒಂದು ಕೋಲು ಸಾಕು. ಮನೆಯ ಯಾರಾದರೂ ಮಾಡಬಹುದು. ಈ ಕನ್ನಡಿಯಾದರೋ ಕೈ ಹಾಕಲು ಬಾರದ ಹಾಗೆ ಮುಚ್ಚಿದ್ದು. ಅದನ್ನು ಮಾಡಿದವರು ಎಣಿಸಿದ್ದು ಮೊದಲ ಯಜಮಾನನ ಐದಾರು ವರ್ಷಗಳನ್ನು. ಎರಡನೆಯವನ, ಮೂರನೆಯವನ ಬದುಕು ಅವರ ಲೆಕ್ಕದಲ್ಲಿಲ್ಲ. ಹಾಗೆಂದು ಕಿಂಡಿಯನ್ನು ಕಟ್ಟಿದವರನ್ನು ಮೆಚ್ಚುವಾಗಲೂ ಒಂದು ಮಾತು ಸೇರಿಸಬೇಕು. ಕಾರಿನ ಜತೆ ಬಂದ ಕೈಪಿಡಿಯನ್ನು ಆಮೇಲೆ ನಾನು ಪೂರ್ತಿ ಓದಿದೆ. ಮಾಡನ್ನು ತೆರೆಯುವುದು ಹೇಗೆ, ಓರೆ ಎತ್ತುವುದು ಹೇಗೆ ಎಂದು ಚಿತ್ರ ಸಮೇತ ಬರೆದವರು, ನಾಲ್ಕು ತೂತುಗಳ ಬಗ್ಗೆ ಒಂದು ಸಾಲನ್ನೂ ಬರೆದಿರಲಿಲ್ಲ. ಒಳಂಗಳ ಕೊಟ್ಟು ತೂಬು ಎಲ್ಲಿದೆಯೆಂದು ಹೇಳದಿದ್ದರೆ ಮನೆ ಕಟ್ಟಿದವನದೂ ತಪ್ಪೇ.

ಇಷ್ಟೇ ಆಗಿದ್ದರೆ ಈ ಪ್ರಬಂಧ ಬರೆಯುತ್ತಿರಲಿಲ್ಲ.

ಆ ಕಾರಿನಲ್ಲಿ ನೆನಪಿನ ಗುಂಡಿಗಳಿದ್ದವು. ಒಂದು ಒತ್ತಿದರೆ ಸೀಟು, ಎರಡೂ ಕಡೆಯ ಕನ್ನಡಿ ಭಾವನಿಗೆ ಬೇಕಾದ ಹಾಗೆ ಹೊಂದಿಕೊಳ್ಳುತ್ತಿದ್ದವು. ಎರಡು ಒತ್ತಿದರೆ ಅಕ್ಕನಿಗೆ ಬೇಕಾದ ಹಾಗೆ. ಇದನ್ನು ನೆನಪಿಟ್ಟುಕೊಳ್ಳುವ ಪೆಟ್ಟಿಗೆ ಸೀಟಿನ ಕೆಳಗೆ, ಕಾರ್ಪೆಟ್ಟಿನ ಮಟ್ಟದಲ್ಲಿತ್ತು. ಎರಡು ಮಳೆಗಾಲ ನೀರು ಕುಡಿದು ಅದು ತುಕ್ಕು ಹಿಡಿದು ಸತ್ತಿತ್ತು. ಮೆಕ್ಯಾನಿಕ್ ಅದನ್ನು ಬಿಚ್ಚಿ ಹಸಿರುಗಟ್ಟಿದ ತಂತಿಗಳನ್ನು ತೋರಿಸಿ, ಬೆಂಗಳೂರಿನ ಗುಜರಿಯಿಂದ ಇನ್ನೊಂದನ್ನು ತರಿಸುತ್ತೇನೆ ಎಂದ. ತರಿಸಿ ಹಾಕಿದ. ಹಾಕಿ, ಪರೀಕ್ಷೆಗೆಂದು ಒಂದನೆಯ ಗುಂಡಿ ಒತ್ತಿದ. ಸೀಟು ಗುಂಯ್ ಎಂದು ಹಿಂದಕ್ಕೆ ಹೋಗಿ ಒಂದು ಕಡೆ ನಿಂತಿತು. ಕನ್ನಡಿಗಳು ತಿರುಗಿ ಒಂದು ಕೋನದಲ್ಲಿ ನಿಂತವು. ಯಾರದೋ ಎತ್ತರ, ಯಾರದೋ ಕಣ್ಣು. ಗುಜರಿಗೆ ಹೋದ ಯಾವ ಕಾರಿನ ಯಾವ ಯಜಮಾನನೋ.

ಅಕ್ಕ ಅದನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಹೇಳಿದಳು: "ಇದು ಅವರದ್ದಲ್ಲ."

ಮನೆಗೆ ಹೋಗುವ ದಾರಿಯಲ್ಲಿ ಅವಳಾಗಿ ಹೇಳಿದ್ದರಿಂದ ನನಗೆ ತಿಳಿಯಿತು. ಭಾವ ಹೋದ ಮೇಲೆ, ಯಾವಾಗಲಾದರೊಮ್ಮೆ, ಕಾರು ಹೊರಡಿಸುವ ಮೊದಲು ಅವಳು ಒಂದನೆಯ ಗುಂಡಿ ಒತ್ತುತ್ತಿದ್ದಳಂತೆ. ಸೀಟು ಅವರ ಜಾಗಕ್ಕೆ ಸರಿಯುತ್ತಿತ್ತು, ಕನ್ನಡಿ ಅವರ ಕಣ್ಣಿಗೆ ತಿರುಗುತ್ತಿತ್ತು. ಸ್ವಲ್ಪ ಹೊತ್ತು ಹಾಗೇ ಕೂತು, ಆಮೇಲೆ ಎರಡು ಒತ್ತಿಕೊಂಡು ಹೊರಡುತ್ತಿದ್ದಳು. ನನಗೆ ಮಾತೇ ಹೊರಡಲಿಲ್ಲ. ಮಾಡಿನ ಮೇಲೆ ನಾನು ಸುರಿದ ಅಂಟು ಎಲ್ಲಿಂದೆಲ್ಲಿಗೆ ಇಳಿದು ಏನನ್ನು ಅಳಿಸಿತ್ತು!

"ನನ್ನಿಂದ ಹೀಗಾಯಿತು ಅಕ್ಕ" ಎಂದೆ.

"ಹೋಗಲಿ ಬಿಡು. ಅವರು ನನಗಿಂತ ಒಂದಡಿ ಎತ್ತರ. ಆ ಕನ್ನಡಿಯಲ್ಲಿ ನನಗೆ ರಸ್ತೆ ಎಲ್ಲಿ ಕಾಣ್ತಿತ್ತು? ಬರೀ ಆಕಾಶ ಕಾಣ್ತಿತ್ತು" ಎಂದಳು. ಸ್ವಲ್ಪ ದೂರ ಹೋದ ಮೇಲೆ, "ನೀನು ಅವತ್ತು ಕೇಳಿದ್ದೆಯಲ್ಲ, ಈ ಕಿಂಡಿ ಯಾಕೆ ಅಂತ. ಅಡಿಕೆ ಸುಲಿಯೋ ಕಾಲದಲ್ಲಿ, ರಾತ್ರಿ ಕೆಲಸದವರನ್ನು ಅವರವರ ಮನೆಗೆ ಬಿಟ್ಟು ಬರುವಾಗ ಅದನ್ನು ತೆಗೆದಿಟ್ಟುಕೊಂಡು ನಿಧಾನಕ್ಕೆ ಬರ್ತಿದ್ದರು. ಚಳಿ ಮಾರಾಯರೇ ಅಂದ್ರೂ ಕೇಳ್ತಿರಲಿಲ್ಲ. ದಿನವಿಡೀ ಚಪ್ಪರದ ಕೆಳಗೇ ಇದ್ದೆ, ಸ್ವಲ್ಪ ನಕ್ಷತ್ರ ನೋಡ್ತೇನೆ ಅಂತಿದ್ದರು" ಎಂದಳು.

ಬಿಸಿಲಿಗೂ ಅಲ್ಲ, ಮಳೆಗೂ ಅಲ್ಲ. ಚಳಿಗಾಲದ ರಾತ್ರಿಗೆ. ಕ್ಷೇಮೇಂದ್ರ ತಪ್ಪು ಹೇಳಿರಲಿಲ್ಲ, ನಾನು ಅವನನ್ನು ತಪ್ಪಾಗಿ ಪ್ರಯೋಗಿಸಿದ್ದೆ. ಯಾವುದು ಎಲ್ಲಿ ಉಚಿತ ಎಂಬುದನ್ನು ಅದನ್ನು ಇಟ್ಟುಕೊಂಡವರ ದಿನಚರಿಯನ್ನು ಕೇಳದೆ, ದೇಶಕೋಶ ನೋಡಿ ನಿರ್ಧರಿಸಿಬಿಟ್ಟಿದ್ದೆ. ಭಾವ ಅಂದು ನಕ್ಕು ಸುಮ್ಮನಾದದ್ದು ಸೋತದ್ದರಿಂದ ಅಲ್ಲವೆಂದು ಹತ್ತು ವರ್ಷ ತಡವಾಗಿ ತಿಳಿಯಿತು.

ಕಾರು ತಪಾಸಣೆಯಲ್ಲಿ ಪಾಸಾಯಿತು. ಬಾಗಿಲಿಗೆ ಬಣ್ಣ ಬದಲಿಸದ ಸಾದಾ ಗಾಜು ಹಾಕಿಸಿದೆವು. ಮಡಚುವ ಯಂತ್ರದ ತಂತಿ ಕಳಚಿಸಿದೆವು. ಈಗ ಅಕ್ಕ ಕೈಯಿಂದಲೇ ಮಡಚುತ್ತಾಳೆ. ಒಂದನೆಯ ಗುಂಡಿಯಲ್ಲಿ ಆ ಅಪರಿಚಿತನೇ ಇದ್ದಾನೆ. ಬೇರೆ ನೆನಪು ಬರೆದುಕೊಡಲೇ ಎಂದು ಮೆಕ್ಯಾನಿಕ್ ಕೇಳಿದಾಗ, "ಇರಲಿ, ಅವನೂ ಯಾರ ಮನೆಯವನೋ" ಎಂದಳು ಅಕ್ಕ.

ತೂಬಿನ ಕೆಲಸ ಮಾತ್ರ ನನ್ನದು. ಪ್ರತಿವರ್ಷ ಮೇ ತಿಂಗಳ ಕೊನೆಗೆ ಹೋಗುತ್ತೇನೆ. ಕಾರನ್ನು ಈಗ ಮಾವಿನ ಮರದ ಕೆಳಗೆ ನಿಲ್ಲಿಸುವುದಿಲ್ಲ. ಗಾಳಿ ಹೊಡೆಯುವ ಯಂತ್ರ ಬಳಸಬೇಡಿ, ಒಳಗೆ ಕೊಳವೆ ಕಳಚಿಕೊಂಡರೆ ಮತ್ತೆ ಅದೇ ಕಥೆ ಎಂದು ಮೆಕ್ಯಾನಿಕ್ ಎಚ್ಚರಿಸಿದ್ದಾನೆ. ತೋಟದ ಕಳೆ ಕೊಚ್ಚುವ ಯಂತ್ರದ ನೈಲಾನ್ ದಾರ ಅಡಿಕೆ ಬೆಳೆಗಾರರ ಮನೆಯಲ್ಲಿ ಯಾವಾಗಲೂ ಇರುತ್ತದೆ. ಅದರ ತುದಿಯನ್ನು ಚೂಪಿರದ ಹಾಗೆ ಮೊಂಡು ಮಾಡಿ, ಒಂದೊಂದೇ ತೂತಿಗೆ ಮೆಲ್ಲಗೆ ಇಳಿಸುತ್ತೇನೆ. ಆಮೇಲೆ ಕಾಲುವೆಗೆ ಒಂದು ಲೋಟ ನೀರು ಹೊಯ್ಯುವುದು. ಅಕ್ಕ ಕಾರಿನ ಪಕ್ಕ ಬಗ್ಗಿ ನೋಡುತ್ತಾಳೆ. ಹೋದ ಸಲ ಹಿಂದಿನ ಎಡಗಡೆಯದು ಸ್ವಲ್ಪ ತಡ ಮಾಡಿತು. ಇಬ್ಬರೂ ಕಾದೆವು. ಕೊನೆಗೆ, "ಬಂತು ತಮ್ಮಾ, ಬಂತು" ಎಂದಳು.